ಏಳನೇ ನಂಬರಿನ ಒಳಜೇಬು

ಮಾರ್ಚ್ 3, ಸೋಮವಾರ

ಡಾನ್ಸ್ ಮಾಸ್ಟರ್ ಇವತ್ತು ಒಂದು ರಟ್ಟಿನ ಪೆಟ್ಟಿಗೆ ತಂದು ನನ್ನ ಕಟಿಂಗ್ ಮೇಜಿನ ಮೇಲೆ ಕುಕ್ಕಿದರು. ಒಳಗೆ ಎಂಟು ರೆಡಿಮೇಡ್ ಟಾಪು. ಎಂಟೂ ಒಂದೇ ಬಣ್ಣ, ನೇರಳೆಹಣ್ಣು ಹಿಂಡಿದ ಹಾಗೆ. ಎಂಟೂ ಒಂದೇ ಅಳತೆ, ಮೀಡಿಯಂ. ಕುಣಿಯುವ ಹುಡುಗಿಯರು ಮಾತ್ರ ಎಂಟು ಅಳತೆ.

“ಹೊಸದಾಗಿ ಹೊಲಿಸೋದು ಬಿಟ್ಟು ಇದ್ಯಾಕೆ ಮಾಸ್ಟರ್?” ಅಂದೆ.

“ಇರೋದು ಇಪ್ಪತ್ತೇ ದಿನ ಟೈಲರಮ್ಮ. ಇದನ್ನೇ ಸ್ವಲ್ಪ ಆ ಕಡೆ ಈ ಕಡೆ ಮಾಡಿ ಸ್ಟೇಜಿಗೆ ಆಗೋ ಹಾಗೆ ಮಾಡ್ಕೊಡಿ.”

‘ಸ್ವಲ್ಪ ಆ ಕಡೆ ಈ ಕಡೆ’ ಅಂದರೆ ಏನು ಅಂತ ಇಲ್ಲಿ ಬರೆದಿಡುತ್ತೇನೆ, ನಾಳೆ ಅವರು ಮಾತು ತಿರುಗಿಸಿದರೆ ಬೇಕಾಗುತ್ತದೆ. ತೋಳು ಜೋಡಿಸಬೇಕು. ಬೆನ್ನು ಅರ್ಧ ಮುಚ್ಚಬೇಕು. ಸೊಂಟ ಹಿಡಿಸಬೇಕು. ಎದೆಗೆ ಮಣಿ ಕೂರಿಸಬೇಕು. ಕಂಕುಳಲ್ಲಿ ಒಂದೊಂದು ತುಂಡು ಕೊಡಬೇಕು, ಇಲ್ಲದಿದ್ದರೆ ಕೈ ಎತ್ತಿದ ಕೂಡಲೇ ಟಾಪು ಮೇಲಕ್ಕೆ ಓಡುತ್ತದೆ. ಇಷ್ಟೆಲ್ಲ ಆದಮೇಲೆ ಕಂಪನಿಯದು ಅಂತ ಉಳಿಯುವುದು ಕತ್ತಿನ ಹಿಂದಿನ ಚೀಟಿ ಒಂದೇ.

ರೆಡಿಮೇಡ್ ಬಟ್ಟೆಯ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ ಇಲ್ಲ. ಯಾರನ್ನೂ ಮುಟ್ಟಿ ನೋಡದೆ ಎಲ್ಲರಿಗೂ ಆಗುತ್ತೇನೆ ಅನ್ನುವ ಬಟ್ಟೆ ಅದು. ಮನುಷ್ಯರ ಮೇಲೂ ಇಲ್ಲ. ಬಸ್ ನಿಲ್ದಾಣದ ಗೋಡೆಗೆ ಒರಗಿ ಕೂತು ಕೆಟ್ಟ ಜಿಪ್ ಬದಲಾಯಿಸುತ್ತಿದ್ದವಳು ಈ ಮೆಟ್ಟಿಲ ಕೆಳಗೆ ಸ್ವಂತ ಅಂಗಡಿ ಮಾಡಿಕೊಂಡದ್ದು ಯಾರನ್ನೋ ನಂಬಿ ಅಲ್ಲ. “ನಿನಗೆ ಕನ್ನಡಿಯೊಳಗಿನವಳ ಮೇಲೂ ಅನುಮಾನ” ಅನ್ನುತ್ತಾರೆ ನನ್ನ ಗಂಡ. ಇದೆ. ಆ ಕನ್ನಡಿ ಸ್ವಲ್ಪ ತೆಳ್ಳಗೆ ತೋರಿಸುತ್ತದೆ.

ಸಂಜೆ ಹುಡುಗಿಯರು ಅಳತೆ ಕೊಡಲು ಬಂದರು. ಹೆಸರು ಮರೆತುಹೋಗುತ್ತದೆ, ನಂಬರ್ ಮರೆಯುವುದಿಲ್ಲ. ಬಂದ ಸಾಲಿನಲ್ಲೇ ಒಂದರಿಂದ ಎಂಟು ಅಂತ ಬರೆದುಕೊಂಡೆ, ಟಾಪುಗಳಿಗೂ ಅದೇ ನಂಬರ್ ಹಾಕಿದೆ. ಏಳನೇ ನಂಬರಿನವಳೇ ಮುಖ್ಯ ಪಾತ್ರ. ಎಲ್ಲರಿಗಿಂತ ಮುಂದೆ ನಿಂತು ಶುರು ಮಾಡುವವಳು. ಅದಕ್ಕೇ ಇರಬೇಕು ಗರ್ವ. ಬೆನ್ನಿನ ಅಳತೆ ತೆಗೆಯುತ್ತಾ, “ಕೈ ಎತ್ತಮ್ಮ” ಅಂದೆ. ಎತ್ತಲಿಲ್ಲ. ಎರಡನೇ ಸಲ ಅಂದೆ. ಎಮ್ಮೆ ಮೇಲೆ ಮಳೆ ಸುರಿದ ಹಾಗೆ. ಮುಂದೆ ಬಂದು ನಿಂತು ಹೇಳಿದಾಗ ಮಾತ್ರ ಥಟ್ಟನೆ ಎತ್ತಿದಳು. ಅದೂ ನನ್ನ ಕಣ್ಣು ನೋಡಲ್ಲ, ಬಾಯಿ ನೋಡುತ್ತಾಳೆ. ನನ್ನ ಮುಂದಿನ ಹಲ್ಲುಗಳ ನಡುವಿನ ಸಂದು ನೋಡುತ್ತಿದ್ದಾಳೆ ಅಂತ ಗೊತ್ತಾಯಿತು. ನೋಡಲಿ. ಆ ಸಂದಿನಲ್ಲಿ ಎಷ್ಟು ದಾರ ಕತ್ತರಿಸಿದ್ದೇನೆ ಅವಳಿಗೇನು ಗೊತ್ತು.

ಮಾರ್ಚ್ 5, ಬುಧವಾರ

ಏಳನೇ ನಂಬರ್ ಒಬ್ಬಳೇ ಬಂದಳು. ಬಾಗಿಲಲ್ಲಿ ನಿಂತು ಹಿಂದೆ ಮುಂದೆ ನೋಡಿ ಒಳಗೆ ಬಂದಳು. ಹೀಗೆ ಬರುವವರು ಎರಡೇ ಥರ: ಹೊಲಿಗೆ ಸರಿಯಿಲ್ಲ ಅಂತ ಜಗಳಕ್ಕೆ ಬರುವವರು, ಇಲ್ಲಾ ಗುಟ್ಟು ಇರುವವರು.

“ಅಕ್ಕ, ನನ್ನ ಟಾಪಿಗೆ ಒಳಗಡೆ ಒಂದು ಜೇಬು ಬೇಕು. ಇಲ್ಲಿ.” ಎದೆಯ ನಟ್ಟ ನಡುವೆ, ಮೂಳೆಯ ಮೇಲೆ ಬೆರಳಿಟ್ಟು ತೋರಿಸಿದಳು. “ಬೆಂಕಿಪೊಟ್ಟಣದಷ್ಟು. ಮಾಸ್ಟರಿಗೆ ಹೇಳಬೇಡಿ.”

“ಏನಿಡ್ತೀಯಾ ಅದರಲ್ಲಿ?”

“ಸಣ್ಣದೊಂದು ವಸ್ತು.”

“ಅದು ಗೊತ್ತಾಯ್ತು, ಆನೆ ಇಡಲ್ಲ ಅಂತ.”

ನಗಲಿಲ್ಲ. ಹೊರಗೆ ಕಾಣಬಾರದು, ಕುಣಿಯುವಾಗ ಅಲ್ಲಾಡಬಾರದು ಅಂದಳು. ಅಂಗಡಿಯಲ್ಲಿ ಇದ್ದದ್ದು ನಾವಿಬ್ಬರೇ, ಆದರೂ ಓಡುವ ಬಸ್ಸಿನಲ್ಲಿ ಮಾತಾಡಿದ ಹಾಗೆ ಗಟ್ಟಿ ದನಿ. ಗುಟ್ಟು ಹೇಳುವವರು ಹೀಗೆ ಕೂಗುತ್ತಾರಾ? ಧೈರ್ಯ ಬೇಕು.

ಮಣಿ ಕೂರಿಸುವ ಕೆಲಸಕ್ಕೆ ನನ್ನ ನಾದಿನಿ ಬರುತ್ತಾಳೆ. ಬೆರಳಿಗಿಂತ ನಾಲಿಗೆ ಚುರುಕು. ಅವಳಿಗೆ ಹೇಳಬಾರದಿತ್ತು, ಹೇಳಿದೆ.

“ಇನ್ನೇನು ಅತ್ತಿಗೆ, ಮೊಬೈಲು. ಯಾವನದೋ ಮೆಸೇಜು.”

“ಕುಣಿಯೋವಾಗ ಮೆಸೇಜ್ ಓದ್ತಾಳಾ?”

“ಪ್ರೀತಿ ಅಂದ್ಮೇಲೆ ಅದೆಲ್ಲ ಲೆಕ್ಕನಾ.”

ಇವಳಿಗೆ ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಪ್ರೀತಿ ಅಂದರೆ ಏನೆಂದು ಕಲ್ಪನೆ ಉಳಿದಿದೆ, ಸಂತೋಷ. ಆದರೆ ಬೆಂಕಿಪೊಟ್ಟಣದಷ್ಟು ಚಿಕ್ಕ ಮೊಬೈಲ್ ನಾನು ನೋಡಿಲ್ಲ.

ಮಾರ್ಚ್ 8, ಶನಿವಾರ

ಕಚ್ಚಾ ಹೊಲಿಗೆ ಹಾಕಿದ ಟಾಪುಗಳನ್ನು ಎತ್ತಿಕೊಂಡು ಪ್ರಾಕ್ಟೀಸ್ ಹಾಲಿಗೆ ಹೋದೆ. ನಿಂತವರ ಅಳತೆ ಕುಣಿಯುವಾಗ ಸುಳ್ಳಾಗುತ್ತದೆ. ಬಗ್ಗಿಸಿ, ಕೈ ಎತ್ತಿಸಿ, ಉಸಿರೆಳೆಸಿ ನೋಡಬೇಕು. ಮೂರನೇ ನಂಬರಿನದು ಬೆನ್ನಲ್ಲಿ ಬಿಗಿ. ಐದನೆಯದು ಸೊಂಟದಲ್ಲಿ ದೊಗಳೆ. ಬರೆದುಕೊಂಡೆ.

ಬರೆಯಬೇಕಾದ ಬೇರೆ ವಿಷಯವೂ ಇದೆ.

ಹಾಲಿನ ಮೂಲೆಯಲ್ಲಿ ಏಳನೇ ನಂಬರಿನವಳ ಚಿಕ್ಕಮ್ಮ ಕೂತಿರುತ್ತಾಳೆ. ದಿನಾ ಜೊತೆಗೆ ಬರುತ್ತಾಳಂತೆ. ಮಡಿಲಲ್ಲಿ ಒಂದು ಬಟ್ಟೆ ಚೀಲ, ಚೀಲದೊಳಗೆ ಬಲಗೈ. ಹಾಕಿದ ಕೈ ತೆಗೆಯುವುದೇ ಇಲ್ಲ. ನಾನು ಗಡಿಯಾರ ನೋಡಿಕೊಂಡೆ, ನಲವತ್ತು ನಿಮಿಷ. ಮೂಗು ಕೆರೆದುಕೊಳ್ಳಲೂ ಎಡಗೈ. ಡ್ರಮ್ಮು ಶುರುವಾದರೆ ಹಕ್ಕಿ ಹಿಡಿಯುವ ಬೆಕ್ಕಿನ ಹಾಗೆ ನೆಟ್ಟಗಾಗುತ್ತಾಳೆ. ಹುಡುಗಿ ಆಗಾಗ ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಾಳೆ. ಅಲ್ಲೇ, ಜೇಬು ಕೇಳಿದ ಜಾಗದಲ್ಲೇ.

ಹೊರಡುವಾಗ ಮಾಸ್ಟರ್ ಮೆಲ್ಲಗೆ ಹೇಳಿದರು, “ನಿಮ್ಮ ಕತ್ತರಿ, ಪರ್ಸು ಜೋಪಾನ ಟೈಲರಮ್ಮ. ಹೋದವಾರ ಇಲ್ಲಿ ಒಬ್ಬಳ ಕೈಗಡಿಯಾರ ಹೋಯ್ತು.”

ಕೈಗಡಿಯಾರ. ಪಟ್ಟಿ ಬಿಚ್ಚಿದರೆ ಬೆಂಕಿಪೊಟ್ಟಣದೊಳಗೆ ಆರಾಮಾಗಿ ಕೂರುತ್ತದೆ.

ಚಿಕ್ಕಮ್ಮ ಕಾವಲು, ಹುಡುಗಿ ಕೈಚಳಕ. ನಾನು ಜೇಬು ಹೊಲಿದುಕೊಟ್ಟರೆ ನಾನೂ ಪಾಲುದಾರಳು. ಮಾಸ್ಟರಿಗೆ ಹೇಳಬೇಕು ಅಂತ ಬಾಯಿವರೆಗೂ ಬಂತು. ನುಂಗಿಕೊಂಡೆ. ಸಾಕ್ಷಿ ಇಲ್ಲದೆ ನಾನು ಒಂದು ಗುಂಡಿಯನ್ನೂ ಹೊಲಿಯುವುದಿಲ್ಲ.

ಮಾರ್ಚ್ 11, ಮಂಗಳವಾರ

ಜೇಬು ಹೊಲಿದೆ. ಯಾಕೆ ಹೊಲಿದೆ ಅಂದರೆ, ಹೊಲಿಯುವುದಿಲ್ಲ ಅಂದರೆ ಎದುರು ರಸ್ತೆಯ ಟೈಲರ್ ಹತ್ತಿರ ಹೋಗುತ್ತಾಳೆ. ಅವನು ಹಿಗ್ಗುವ ಬಟ್ಟೆಗೆ ನೇರ ಹೊಲಿಗೆ ಹಾಕುವವನು, ಮೊದಲ ಜಿಗಿತಕ್ಕೇ ಪಟಪಟ ಅಂತ ಬಿಚ್ಚಿಕೊಳ್ಳುತ್ತದೆ. ನನ್ನ ಕಣ್ಣಳತೆಯಲ್ಲಿದ್ದರೆ ಕಳ್ಳತನವೂ ಅಚ್ಚುಕಟ್ಟಾಗಿರುತ್ತದೆ.

ಕೆಲಸ ಅಂದರೆ ಕೆಲಸ. ಉಬ್ಬು ಕಾಣಬಾರದು ಅಂದಿದ್ದಳಲ್ಲ. ಒಳಗಿನಿಂದ ಎರಡು ಪದರ ಲೈನಿಂಗ್, ನಡುವೆ ತೆಳು ಸ್ಪಂಜು, ಅದರ ಮೇಲೆ ಜೇಬು, ಜೇಬಿನ ಮೇಲೆ ಮಣಿಯ ಬಳ್ಳಿ. ಅಂಕುಡೊಂಕು ಹೊಲಿಗೆ, ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕೂರುತ್ತದೆ. ನಮ್ಮ ನೂಲಿನ ರೀಲಿನ ಡಬ್ಬಿಯೊಂದನ್ನು ಒಳಗಿಟ್ಟು ನಾದಿನಿಗೆ ತೊಡಿಸಿ ಕುಣಿಸಿದೆ. ಏನೂ ಕಾಣಲಿಲ್ಲ. ನಾದಿನಿಗೂ ಏನೂ ತಾಕಲಿಲ್ಲವಂತೆ.

“ಒಳಗೆ ಇದೆ ಅಂತಾನೇ ಗೊತ್ತಾಗಲ್ಲ ಅತ್ತಿಗೆ, ಹತ್ತಿ ಮೇಲೆ ಮಲಗಿದ ಹಾಗಿದೆ.”

ಇಷ್ಟು ಚೆಂದದ ಕೆಲಸ ನಾನು ಈ ವರ್ಷ ಮಾಡಿಲ್ಲ. ಯಾರಿಗೂ ತೋರಿಸುವ ಹಾಗಿಲ್ಲ ಅನ್ನುವುದೇ ಬೇಜಾರು.

ಮಾರ್ಚ್ 14, ಶುಕ್ರವಾರ

ಇವತ್ತಿನದು ಉದ್ದ ಬರೆಯಬೇಕು.

ಎಂಟೂ ಟಾಪು ತೊಡಿಸಿ ಮೊದಲ ಪೂರ್ಣ ಪ್ರಾಕ್ಟೀಸು. ನಾನೂ ಸೂಜಿದಾರ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಏಳನೇ ನಂಬರ್ ಮುಂದೆ ಬಂದು ಮಂಡಿಯೂರಿ, ಹಣೆ ನೆಲಕ್ಕೆ ತಾಗಿಸಿ ಕೂತಳು. ಮಿಕ್ಕವರು ಹಿಂದೆ ಮಲಗಿದರು. ಡ್ರಮ್ಮಿನವನು ಅಟ್ಟಣೆಯ ಮೇಲೆ. ನಿಶ್ಶಬ್ದ. ಆಮೇಲೆ ಮೂರು ಪೆಟ್ಟು. ಮೂರನೆಯದಕ್ಕೆ ಅವಳು ಏಳಬೇಕು.

ಏಳಲಿಲ್ಲ.

ಡ್ರಮ್ಮಿನವನು ಮತ್ತೆ ಮೂರು ಬಡಿದ. ಕಲ್ಲು. ಮೂಲೆಯಲ್ಲಿ ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತ್ತು, ಚೀಲದೊಳಗಿನ ಕೈ ಹುಚ್ಚು ಹಿಡಿದ ಹಾಗೆ ಅಲ್ಲಾಡುತ್ತಿತ್ತು. ಮೂರನೇ ಸಲಕ್ಕೆ ಹುಡುಗಿ ತಾನಾಗಿಯೇ ತಲೆಯೆತ್ತಿ ಸುತ್ತ ನೋಡಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

“ನಿದ್ದೆ ಮಾಡಕ್ಕೆ ಬಂದಿದೀಯೇನೇ?” ಮಾಸ್ಟರ್ ಕೂಗಿದರು. ಇನ್ನೊಂದು ಸಲ ಮಾಡಿಸಿದರು. ಈ ಸಲ ಬೇಗ ಎದ್ದುಬಿಟ್ಟಳು, ಡ್ರಮ್ಮು ಬಡಿಯುವ ಮೊದಲೇ. ಯಾರೋ ಕಿಸಕ್ಕಂದರು. ಮಾಸ್ಟರ್ ಅವಳನ್ನು ಹಿಂದಕ್ಕೆ ಕಳಿಸಿ ಮೂರನೇ ನಂಬರಿನವಳನ್ನು ಮುಂದೆ ನಿಲ್ಲಿಸಿದರು. “ಸೋಮವಾರದವರೆಗೆ ಟೈಮು. ಅಷ್ಟರಲ್ಲಿ ಸರಿ ಹೋಗದಿದ್ದರೆ ಇವಳೇ.”

ನಾನು ಅಂಗಡಿಗೆ ಬಂದು ಬೀಗ ತೆಗೆಯುವಷ್ಟರಲ್ಲಿ ಹಿಂದೆಯೇ ಬಂದಳು. ಟಾಪು ಇನ್ನೂ ಮೈಮೇಲೆ.

“ಇದರೊಳಗೆ ಏನು ತುಂಬಿದ್ರಿ? ಏನು ತುಂಬಿದ್ರಿ ಅಕ್ಕ?” ಬಾಗಿಲು ಹಾಕಿಕೊಂಡು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಕೈಗಡಿಯಾರ ಅಲ್ಲ. ಕಪ್ಪು ಪ್ಲಾಸ್ಟಿಕ್ಕಿನ ಚಿಕ್ಕ ಡಬ್ಬಿ. ಹಿಂದೆಯೇ ಏದುಸಿರು ಬಿಡುತ್ತಾ ಬಂದ ಚಿಕ್ಕಮ್ಮ ಚೀಲದಿಂದ ಕೈ ತೆಗೆದಳು. ಅಂಗೈಯಲ್ಲಿ ಕಾರಿನ ರಿಮೋಟಿನಂಥದ್ದು, ಒಂದೇ ಒಂದು ಬಟನ್. ಒತ್ತಿದಳು. ಮೇಜಿನ ಮೇಲಿನ ಡಬ್ಬಿ ಜೀರುಂಡೆಯ ಹಾಗೆ ಗಿರ್ ಅಂತ ನಡುಗುತ್ತಾ ಕತ್ತರಿಯವರೆಗೂ ಹರಿದು ಹೋಯಿತು.

“ಎಡಗಿವಿ ಹತ್ತು ವರ್ಷದವಳಿದ್ದಾಗಲೇ ಹೋಗಿದೆ” ಅಂದಳು ಚಿಕ್ಕಮ್ಮ. “ಬಲಗಿವಿ ಎರಡು ವರ್ಷದಿಂದ ಇಳೀತಾ ಇದೆ. ಕಿವಿಗೆ ಮಷೀನು ಹಾಕಿದ್ರೆ ಮಾತು ಅಷ್ಟೋ ಇಷ್ಟೋ. ಡ್ರಮ್ಮು ಶುರುವಾದ್ರೆ ಬರೀ ಗೊರಗೊರ. ಜೊತೆಯವರನ್ನ ನೋಡ್ಕೊಂಡು ಕುಣೀತಾಳೆ, ಅದಕ್ಕೇನೂ ತೊಂದರೆ ಇಲ್ಲ. ಯಾರೂ ಕಾಣಿಸದ ಜಾಗ ಐದಿದಾವೆ. ಆ ಐದಕ್ಕೆ ನಾನು ಒತ್ತುತೀನಿ.”

ಇಷ್ಟು ದಿನ ಅದನ್ನು ಒಳಬಟ್ಟೆಯಲ್ಲಿ ಸಿಕ್ಕಿಸಿಕೊಂಡು ಸುಧಾರಿಸಿದ್ದಾಳೆ. ಮೂಳೆಗೆ ತಾಗಿದರೆ ಗೊತ್ತಾಗುತ್ತದೆ. ನಾನು ಎರಡು ಲೈನಿಂಗು, ಒಂದು ಸ್ಪಂಜು ಹಾಕಿ ಅದರ ಬಾಯಿ ಮುಚ್ಚಿಬಿಟ್ಟಿದ್ದೆ. ಇಡೀ ವರ್ಷದಲ್ಲೇ ಚೆಂದದ ಕೆಲಸ.

“ಮಾಸ್ಟರಿಗೆ ಹೇಳಬಹುದಿತ್ತಲ್ಲಾ” ಅಂದೆ, ಚಿಕ್ಕಮ್ಮನ ಕಡೆ ತಿರುಗಿ. ಹುಡುಗಿ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ನನ್ನ ಗಲ್ಲವನ್ನು ನನ್ನ ಅಮ್ಮನ ನಂತರ ಯಾರೂ ಹಾಗೆ ಹಿಡಿದಿಲ್ಲ.

“ನನಗೆ ಹೇಳಿ” ಅಂದಳು. ಮತ್ತೆ ಹೇಳಿದೆ.

“ಆರನೇ ನಂಬರಿನವಳು ಒಂದೇ ಒಂದು ಸಲ ಮಂಡಿ ನೋವು ಅಂದಳು ಅಕ್ಕ. ಅವತ್ತಿಂದ ಹಿಂದಿನ ಸಾಲು. ಇಪ್ಪತ್ಮೂರನೇ ತಾರೀಖು ಪ್ರದರ್ಶನದಲ್ಲಿ ಯಾರು ಮುಂದೆ ನಿಲ್ತಾರೋ ಅವರೇ ವರ್ಷ ಪೂರ್ತಿ ಮುಂದೆ. ಕಿವಿ ಪೂರ್ತಿ ಹೋಗೋಕೆ ಮುಂಚೆ ಒಂದು ವರ್ಷ ಸಾಕು ನನಗೆ.”

ಅವಳು ಹಲ್ಲಿನ ಸಂದು ನೋಡುತ್ತಿರಲಿಲ್ಲ, ತುಟಿ ಓದುತ್ತಿದ್ದಳು. ಅದಕ್ಕೇನೂ ನಾನು ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ನನಗೆ ಹೇಗೆ ಗೊತ್ತಾಗಬೇಕಿತ್ತು.

ಮಾರ್ಚ್ 15, ಶನಿವಾರ

ಪೂರ್ತಿ ನಂಬಿಲ್ಲ. ಮಧ್ಯಾಹ್ನ ಅವಳು ಬಂದಾಗ ಹಿಂದಿನಿಂದ ಕತ್ತರಿ ಬೀಳಿಸಿ ನೋಡಿದೆ. ತಿರುಗಲಿಲ್ಲ. ನಾದಿನಿ ಬೆಚ್ಚಿಬಿದ್ದು ಒಂದು ಬಟ್ಟಲು ಮಣಿ ಚೆಲ್ಲಿದಳು. ಆಯ್ದು ಮುಗಿಸಲು ಒಂದು ಗಂಟೆ.

ಮಾರ್ಚ್ 16, ಭಾನುವಾರ

ಅಂಗಡಿ ರಜೆ. ಆದರೂ ತೆಗೆದೆ.

ಸ್ಪಂಜು ಕಿತ್ತೆ. ಲೈನಿಂಗಿನಲ್ಲಿ ಡಬ್ಬಿಯಷ್ಟೇ ಅಗಲದ ಕಿಟಕಿ ಕತ್ತರಿಸಿ, ಅದಕ್ಕೆ ಸೊಳ್ಳೆಪರದೆಗಿಂತ ತೆಳುವಾದ ಬಲೆಬಟ್ಟೆ ಕೊಟ್ಟೆ. ಹಿಂದಿನಿಂದ ಒಂದು ಎಲಾಸ್ಟಿಕ್ ಪಟ್ಟಿ, ಡಬ್ಬಿಯನ್ನು ಮೂಳೆಗೆ ಒತ್ತಿ ಹಿಡಿಯಲು. ಅವಳು ಟ್ರಯಲ್ ಪರದೆಯ ಹಿಂದೆ, ನಾನು ಈ ಕಡೆ ಬಟನ್ ಹಿಡಿದು. ಗೊತ್ತಾದರೆ ಪರದೆಯ ಮೇಲಿಂದ ಕೈ ಎತ್ತಬೇಕು ಅಂತ ಮಾತು.

ಮೊದಲನೇ ಸಲ ಇಲ್ಲ. ಪಟ್ಟಿ ಬಿಗಿ ಮಾಡಿದೆ. ಎರಡನೇ ಸಲ ಕೈ ಬಂತು, ತಡವಾಗಿ. ಅರ್ಧ ಬೆರಳು ಮೇಲಕ್ಕೆ ಸರಿಸಿದೆ. ಮೂರನೇ ಸಲ ನಾನು ಒತ್ತಿದ್ದೂ ಅವಳ ಕೈ ಚಿಮ್ಮಿದ್ದೂ ಒಟ್ಟಿಗೆ. ಮೋಸವಿರಬಹುದು, ಪರದೆಯ ಸಂದಿನಿಂದ ನೋಡುತ್ತಿರಬಹುದು ಅಂತ ಕೈಯನ್ನು ಮೇಜಿನ ಕೆಳಗಿಟ್ಟು ಒತ್ತಿದೆ. ಚಿಮ್ಮಿತು. ಒತ್ತಿದ ಹಾಗೆ ನಟಿಸಿ ಸುಮ್ಮನಿದ್ದೆ. ಚಿಮ್ಮಲಿಲ್ಲ. ಹನ್ನೊಂದು ಸಲ ಪರೀಕ್ಷೆ ಮಾಡಿದೆ, ಹನ್ನೊಂದೂ ಸರಿ. ಆಮೇಲೆ ಸುಮ್ಮನೆ ಇನ್ನೂ ಆರೇಳು ಸಲ ಒತ್ತಿದೆ.

“ಅಕ್ಕ, ಬ್ಯಾಟರಿ ಮುಗಿಯುತ್ತೆ” ಅಂತ ಒಳಗಿನಿಂದ ಕೂಗಿದಳು.

ಮಾರ್ಚ್ 17, ಸೋಮವಾರ

ಎದ್ದಳು. ಮೂರನೇ ಪೆಟ್ಟಿಗೆ ಸರಿಯಾಗಿ. ಮುಂದಿನ ಜಾಗ ವಾಪಸ್ ಸಿಕ್ಕಿತು. ಮೂರನೇ ನಂಬರಿನವಳ ಬೆನ್ನು ಮತ್ತೆ ಬಿಗಿಯಾಯಿತು, ಅದಕ್ಕೆ ನನ್ನ ಹತ್ತಿರ ಹೊಲಿಗೆ ಇಲ್ಲ.

ಕೈಗಡಿಯಾರ ಸ್ಪೀಕರಿನ ಹಿಂದೆ ಬಿದ್ದಿತ್ತಂತೆ. ನಾನು ಯಾರ ಮೇಲೂ ಹೇಳಿರಲಿಲ್ಲ ತಾನೆ.

ಮಾಸ್ಟರ್ ಮಾತ್ರ ಬಿಡಲಿಲ್ಲ. ಸಂಜೆ ಅಂಗಡಿಗೆ ಬಂದು ಗಿರಾಕಿಗಳ ಸ್ಟೂಲ್ ಎಳೆದುಕೊಂಡು ಕೂತರು.

“ಟೈಲರಮ್ಮ, ಏಳನೇ ಟಾಪಿನ ಅಳತೆ ತಗೊಂಡವರು ನೀವು. ಆ ಹುಡುಗಿಗೆ ಏನಾದರೂ ಇದೆಯಾ? ಮೈಗೆ ಸರಿಯಿಲ್ಲವಾ? ಶುಕ್ರವಾರ ಏನಾಯ್ತು?”

“ನಾನು ಕೊಟ್ಟ ಲೈನಿಂಗ್ ಚುಚ್ಚುತ್ತಿತ್ತು ಮಾಸ್ಟರ್. ಗಮನ ಅಲ್ಲಿಗೇ ಹೋಗಿದೆ. ಬಿಚ್ಚಿ ಸರಿ ಮಾಡ್ದೆ.”

“ಅಷ್ಟೇನಾ?”

“ಅಷ್ಟೇ.”

ನನ್ನ ಹೊಲಿಗೆ ಚುಚ್ಚುತ್ತದೆ ಅಂತ ನಾನೇ ಹೇಳಿದೆ. ಇಪ್ಪತ್ತೆರಡು ವರ್ಷದಲ್ಲಿ ಇಂಥ ಮಾತನ್ನು ನಾನು ಬೇರೆಯವರ ಬಾಯಿಂದಲೂ ಹೇಳಿಸಿಕೊಂಡಿಲ್ಲ. ಅವರು ನನ್ನನ್ನು ಒಂದು ಥರ ನೋಡಿ ಎದ್ದು ಹೋದರು. ಇವರಿಗೆ ಅನುಮಾನ ಜಾಸ್ತಿ. ಒಳ್ಳೆಯ ಗುಣ ಅಲ್ಲ.

ಮಾರ್ಚ್ 20, ಗುರುವಾರ

ಹೊಸ ತಲೆನೋವು. ಪ್ರದರ್ಶನದ ದಿನ ಪರದೆಯ ಪಕ್ಕಕ್ಕೆ ಪಾಸ್ ಇದ್ದವರು ಮಾತ್ರ. ಕಲಾವಿದರು, ದೀಪದವರು, ಬಟ್ಟೆಯವರು. ಚಿಕ್ಕಮ್ಮನಿಗೆ ಪಾಸ್ ಇಲ್ಲ. ಕುರ್ಚಿಯ ಸಾಲಿನಲ್ಲಿ ಕೂತರೆ ಅಷ್ಟು ದೂರದಿಂದ ಡಬ್ಬಿ ನಡುಗುವುದಿಲ್ಲ. ಇವತ್ತು ಖಾಲಿ ಹಾಲಿನಲ್ಲಿ ಹೆಜ್ಜೆ ಹಾಕಿ ನೋಡಿಕೊಂಡು ಬಂದರಂತೆ. ಮೊದಲ ಸಾಲಿನಿಂದಲೂ ಆಗಲಿಲ್ಲ.

ಇಬ್ಬರೂ ನನ್ನ ಮುಂದೆ ಕೂತು ನನ್ನ ಪಾಸನ್ನೇ ನೋಡುತ್ತಿದ್ದರು. ಅದು ಮೊಳೆಗೆ ನೇತಾಡುತ್ತಿತ್ತು.

“ನನ್ನ ಕೈಲಾಗಲ್ಲ” ಅಂದೆ. “ನನಗೆ ತಾಳಗೀಳ ಗೊತ್ತಿಲ್ಲ.”

“ದಿನಾ ಮಷೀನ್ ತುಳೀತೀರಲ್ಲ ಅಕ್ಕ” ಅಂದಳು ಹುಡುಗಿ.

ಚಿಕ್ಕಮ್ಮ ಐದೂ ಜಾಗ ಹೇಳಿಕೊಟ್ಟಳು. ಮುಖ್ಯವಾದದ್ದು ಒಂದೇ ಸೂತ್ರ: ಅವಳು ಮೂರನೇ ಪೆಟ್ಟಿಗೆ ಏಳಬೇಕಾದರೆ ನಾನು ಎರಡನೆಯದಕ್ಕೆ ಒತ್ತಬೇಕು. ನಡುಕ ಮೈಗೆ ಹತ್ತಿ, ಮೈ ಎದ್ದೇಳುವಷ್ಟರಲ್ಲಿ ಒಂದು ಪೆಟ್ಟು ಕಳೆದಿರುತ್ತದೆ. ಮೂರಕ್ಕೆ ಒತ್ತಿದರೆ ಕೆಟ್ಟಿತು. ನಾಲ್ಕನೆಯ ಜಾಗ ಕಷ್ಟದ್ದು. ಎಂಟು ಸುತ್ತು ಬಡಿತ ಮುಗಿದು, ನಿಂತು, ಮತ್ತೆ ಶುರುವಾಗುತ್ತದೆ. ಅವಳು ಆಗ ಎಲ್ಲರಿಗೂ ಬೆನ್ನು ಹಾಕಿ ನಿಂತಿರುತ್ತಾಳೆ.

ಮೇಜನ್ನು ತಿರುಗಿಸಿ ಹಾಕಿದೆ. ಈಗ ಮಷೀನ್ ಮುಂದೆ ಕೂತರೆ ನನ್ನ ಮುಖ ಸ್ಟೂಲಿನ ಕಡೆಗೇ ಬರುತ್ತದೆ. ಬೆಳಕು ಚೆನ್ನಾಗಿ ಬೀಳುತ್ತದೆ ಅಂತ.

“ಹತ್ತು ವರ್ಷದಿಂದ ಬೆಳಕು ಅಲ್ಲೇ ಬೀಳ್ತಿತ್ತಲ್ಲ ಅತ್ತಿಗೆ” ಅಂದಳು ನಾದಿನಿ. “ಮತ್ತೆ ನನ್ನ ಹತ್ತಿರ ಯಾಕೆ ಇಷ್ಟು ನಿಧಾನಕ್ಕೆ, ಬಾಯಿ ಅಗಲಿಸಿ ಮಾತಾಡ್ತೀರಿ? ನಾನೇನು ಮಗುನಾ?”

ಇವಳಿಗೆ ಎಲ್ಲದರಲ್ಲೂ ಹುಳುಕು.

ಮಾರ್ಚ್ 22, ಶನಿವಾರ

ಎಲ್ಲ ಟಾಪಿಗೂ ಇಸ್ತ್ರಿ. ಎಂಟೂ ನೇತುಹಾಕಿದೆ. ರಾತ್ರಿ ಊಟಕ್ಕೆ ಕೂತೆ. ತಟ್ಟೆಯ ಅಂಚಿಗೆ ಮೂರು ಸಲ ಬೆರಳು ಬಡಿದು ಎರಡಕ್ಕೆ ಹೆಬ್ಬೆರಳು ಒತ್ತುತ್ತಿದ್ದೆನಂತೆ, ಗಂಡ ಹೇಳಿದರು.

ಮಾರ್ಚ್ 23, ಭಾನುವಾರ

ಮುಗಿಯಿತು.

ಮೊದಲನೆಯದು. ಪೂರ್ತಿ ಕತ್ತಲು, ಅವಳ ಮೇಲೆ ಮಾತ್ರ ಬೆಳಕು. ನಾನು ಪಕ್ಕದ ಪರದೆಯ ಮಡಿಕೆಯಲ್ಲಿ, ಸೊಂಟಕ್ಕೆ ಪಿನ್ನಿನ ದಿಂಬು, ಕೈಯಲ್ಲಿ ಬಟನ್. ಒಂದು. ಎರಡು, ಒತ್ತಿದೆ. ಮೂರಕ್ಕೆ ಎದ್ದಳು. ಯಾರೋ ಹಿಂದಿನಿಂದ ದಾರ ಎಳೆದು ಎತ್ತಿದ ಹಾಗೆ. ಕಂಕುಳ ತುಂಡು ಚೆನ್ನಾಗಿ ಕೂತಿದೆ, ಕೈ ಪೂರ್ತಿ ಮೇಲೆ ಹೋದರೂ ಟಾಪು ಅಲ್ಲಾಡಲಿಲ್ಲ.

ಎರಡು, ಮೂರು ಸರಿಹೋದವು.

ನಾಲ್ಕನೆಯದಕ್ಕೆ ಮುಂಚೆ ಜನ ಚಪ್ಪಾಳೆ ಹೊಡೆದರು. ಡ್ರಮ್ಮಿನವನಿಗೆ ಹುರುಪು ಬಂತು. ಎಂಟು ಸುತ್ತಿಗೆ ನಿಲ್ಲಿಸಬೇಕಾದವನು ನಿಲ್ಲಿಸಲಿಲ್ಲ. ಒಂಬತ್ತು ಶುರುಮಾಡಿದ. ನನ್ನ ಲೆಕ್ಕ ಮುಗಿದಿತ್ತು. ಹೆಬ್ಬೆರಳು ಆಗಲೇ ಬಟನ್ ಮೇಲೆ ಕೂತು ಇಳಿಯುತ್ತಿತ್ತು. ತೆಗೆದುಬಿಟ್ಟೆ. ಅವಳು ಬೆನ್ನು ಹಾಕಿ ನಿಂತಿದ್ದಾಳೆ, ಅವಳ ಎಣಿಕೆಯೂ ಎಂಟಕ್ಕೆ ಮುಗಿದಿರುತ್ತದೆ. ಸುಮ್ಮನೆ ಶುರುಮಾಡಿಬಿಟ್ಟರೆ? ಹದಿನಾಲ್ಕನೇ ತಾರೀಖು ಹಾಗೇ ಮೊದಲೇ ಎದ್ದಿದ್ದಳಲ್ಲ. ಹೋಗಬೇಡ, ಹೋಗಬೇಡ ಅಂತ ನಾನು ಬಾಯಲ್ಲಿ ಹೇಳುತ್ತಿದ್ದೆ. ಕೇಳಿಸುವವಳಿಗಾದರೂ ಕೇಳಿಸುತ್ತಿತ್ತಾ ಆ ಗದ್ದಲದಲ್ಲಿ.

ಕಾದಳು. ಒಂಬತ್ತು ಸುತ್ತು ಪೂರ್ತಿ, ಭುಜ ಕೂಡ ಅಲ್ಲಾಡಿಸದೆ. ನಾನು ಒತ್ತಿಲ್ಲ ಅಂದರೆ ಇನ್ನೂ ಆಗಿಲ್ಲ, ಅಷ್ಟೇ ಅವಳ ಲೆಕ್ಕ. ಡ್ರಮ್ಮು ನಿಂತಿತು. ಒಂದು. ಎರಡು.

ಒತ್ತಿದೆ.

ಐದನೆಯದು ಹೇಗೆ ಆಯಿತೋ ನೆನಪಿಲ್ಲ. ಆಗಿದೆ. ಬೆರಳಿನ ಮೇಲೆ ಬಟನ್ನಿನ ಗುಂಡು ಗುರುತು ಮನೆಗೆ ಬರುವವರೆಗೂ ಇತ್ತು.

ಇಷ್ಟು ಕುರುಡಾಗಿ ಒಬ್ಬರನ್ನು ನಂಬಿ ನಿಲ್ಲುತ್ತಾರಾ? ಬುದ್ಧಿ ಹೇಳಬೇಕು ಅವಳಿಗೆ.

ಮಾರ್ಚ್ 25, ಮಂಗಳವಾರ

ಹೇಳಿಬಿಟ್ಟಿದ್ದಾಳೆ. ಮಾಸ್ಟರಿಗೆ, ತಾನಾಗಿಯೇ, ಎಲ್ಲ.

“ಯಾಕೆ ಹೇಳಿದೆ? ಜಾಗ ಸಿಕ್ಕಿತ್ತಲ್ಲೇ!”

“ಭಾನುವಾರ ಎಲ್ಲರೂ ಹೊಗಳುತ್ತಿದ್ದರು ಅಕ್ಕ. ಅವರು ಹಿಂದಿನಿಂದ ನನ್ನನ್ನು ಕರೆದರಂತೆ, ಯಾರಿಗೋ ಪರಿಚಯ ಮಾಡಿಸೋಕೆ. ನನಗೆ ಕೇಳಿಸಲಿಲ್ಲ, ಹೋಗಿಬಿಟ್ಟೆ. ಬೆಳೆದ ಮೇಲೆ ಗುರು ಬೇಡವಾದನಾ ಅಂದರು. ಅವರ ಮುಖ ನೋಡೋಕಾಗಲಿಲ್ಲ.”

“ಏನಂದರು?”

“ಎದ್ದು ಹೊರಗೆ ಹೋದರು. ಇವತ್ತು ಪ್ರಾಕ್ಟೀಸಿಗೂ ಬರಲಿಲ್ಲ.”

ಬುದ್ಧಿ ಇದೆಯಾ ಅಂತ ಬೈದೆ. ಮುಖ ಎದುರಿಗಿಟ್ಟುಕೊಂಡು, ಒಂದಕ್ಷರ ತಪ್ಪದ ಹಾಗೆ ನಿಧಾನವಾಗಿ ಬೈದೆ. ಪೂರ್ತಿ ಓದಿಕೊಂಡು, “ಇನ್ನೊಂದು ಸಲ ಹೇಳಿ, ಮಧ್ಯದಲ್ಲಿ ಒಂದು ಬೈಗುಳ ಗೊತ್ತಾಗಲಿಲ್ಲ” ಅಂದಳು. ಆಮೇಲೆ ಅತ್ತಳು.

ನನಗೆ ಗೊತ್ತು ಈ ಮಾಸ್ಟರುಗಳ ಬುದ್ಧಿ. ಹಿಂದಿನ ಸಾಲು ಸಿಕ್ಕಿದರೂ ಪುಣ್ಯ.

ಮಾರ್ಚ್ 28, ಶುಕ್ರವಾರ

ಮಾಸ್ಟರ್ ಬಂದರು. ಕೂತುಕೊಳ್ಳಲಿಲ್ಲ.

“ಅವತ್ತು ಇದೇ ಜಾಗದಲ್ಲಿ ನಿಮ್ಮನ್ನ ಕೇಳಿದೆ. ಸುಳ್ಳು ಹೇಳಿದ್ರಿ.”

“ಹೇಳಿದೆ.”

“ನಿಮ್ಮನ್ನ ನಂಬೋದು ಹೇಗೆ ಇನ್ಮೇಲೆ?”

“ನಂಬಬೇಡಿ.”

ಸ್ಟೂಲ್ ಎಳೆದು ಕೂತರು. ಮಣಿಯ ಬಟ್ಟಲಿನಲ್ಲಿ ಬೆರಳಾಡಿಸಿದರು.

“ಮೂರು ವರ್ಷ ಟೈಲರಮ್ಮ. ಮೂರು ವರ್ಷ ಅವಳ ಬೆನ್ನ ಹಿಂದೆ ನಿಂತು ತಾಳ ಹೇಳಿದೀನಿ. ಒಂದೂ ಕೇಳಿಸಿಲ್ಲವಾ ಅವಳಿಗೆ? ಸೊಕ್ಕು ಅಂದುಕೊಂಡಿದ್ದೆ.”

ಗರ್ವ ಅಂತ ನಾನು ಬರೆದಿಟ್ಟ ಪುಟ ಇವರಿಗೆ ತೋರಿಸಲು ಆಗುತ್ತದಾ.

“ಆ ಬಟನ್ ಎಲ್ಲಿ?” ಅಂದರು.

“ಇಲ್ಲ. ಕಳೆದುಹೋಯ್ತು.”

ಇದು ಎರಡನೇ ಸುಳ್ಳು. ಅದು ಭಾನುವಾರದಿಂದ ನನ್ನ ಹತ್ತಿರವೇ ಇತ್ತು, ಈಗ ಎಡಗೈ ಮುಷ್ಟಿಯಲ್ಲಿ. ಎಸೆದುಬಿಡುತ್ತಾರೆ, ಇಲ್ಲ ಮೋಸ ಅಂತ ನಾಲ್ಕು ಜನಕ್ಕೆ ತೋರಿಸುತ್ತಾರೆ ಅಂತ ನನ್ನ ಲೆಕ್ಕ. ಅಷ್ಟರಲ್ಲಿ ಹುಡುಗಿ ಟ್ರಯಲ್ ಪರದೆ ಸರಿಸಿಕೊಂಡು ಹೊರಬಂದಳು. ಸೊಂಟ ಸ್ವಲ್ಪ ಸಡಿಲ ಆಗಿದೆ ಅಂತ ಅದೇ ಟಾಪು ಹಾಕಿ ತೋರಿಸಲು ಬಂದಿದ್ದಳು. ಮಾಸ್ಟರನ್ನು ನೋಡುತ್ತಿದ್ದ ಹಾಗೆ ಗೋಡೆಗೆ ಅಂಟಿಕೊಂಡಳು.

ಮಾಸ್ಟರ್ ಎದ್ದರು. ಅವಳ ಮುಂದೆ ಹೋಗಿ ನಿಂತರು. ಬೆನ್ನ ಹಿಂದಲ್ಲ, ಮುಂದೆ. ಬಾಯಿ ಅಗಲಿಸಿ, ನಿಧಾನವಾಗಿ, ಶಾಲೆಯ ಮಗು ಪಾಠ ಒಪ್ಪಿಸುವ ಹಾಗೆ ಹೇಳಿದರು:

“ಮುಂದೆ ನೀನೇ ನಿಲ್ಲಬೇಕು. ನಾನು ಒತ್ತುತೀನಿ. ಕಲಿಸಿಕೊಡಿ.”

ಕೊನೆಯ ಮಾತು ನನಗೆ. ಆದರೆ ಅವಳ ಕಡೆ ತಿರುಗಿಕೊಂಡೇ ಹೇಳಿದರು.

ಮುಷ್ಟಿ ಬಿಚ್ಚಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಕಳೆದುಹೋದದ್ದು ಸಿಕ್ಕಿತು ಅಂತ ಹೇಳುವಷ್ಟೂ ಸೌಜನ್ಯ ತೋರಿಸಲಿಲ್ಲ. ಕೊಟ್ಟೆ.

ಹುಡುಗಿ ಪರದೆಯ ಹಿಂದೆ ಹೋದಳು. ಮಾಸ್ಟರ್ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ, ಒಂದು, ಎರಡು, ಮೂರು, ಒತ್ತಿದರು.

“ತಡ!” ಒಳಗಿನಿಂದ ಗಟ್ಟಿ ದನಿ.

“ಮೂರಕ್ಕೆ ಸರಿಯಾಗಿ ಒತ್ತಿದೀನಲ್ಲ?” ಅಂತ ಮಾಸ್ಟರ್ ನನ್ನ ಮುಖ ನೋಡಿದರು.

“ನಿಮ್ಮ ಮೂರು ನಿಮಗೆ ಮಾಸ್ಟರ್. ಅವಳ ಮೂರು ಅವಳ ಮೈಯಲ್ಲಿದೆ. ಎರಡಕ್ಕೆ ಒತ್ತಿ.”

ನಾಲ್ಕು ಸಲ ತಪ್ಪಿದರು. ಮೂವತ್ತು ವರ್ಷ ತಾಳ ಹೇಳಿಕೊಟ್ಟವರು. ಐದನೆಯದಕ್ಕೆ ಪರದೆಯ ಮೇಲಿಂದ ಕೈ ಚಿಮ್ಮಿತು. ಮಾಸ್ಟರ್ ಕಣ್ಣೊರೆಸಿಕೊಂಡರು, ಮಣಿಯ ಧೂಳು ಅಂದರು. ಮಣಿಯಲ್ಲಿ ಧೂಳು ಎಲ್ಲಿರುತ್ತದೆ.

ಮುಂದಿನ ಪ್ರದರ್ಶನ ಏಪ್ರಿಲ್ ಹದಿಮೂರು. ಬಟನ್ ಅವರ ಕೈಗೆ ಹೋಗಿದೆ, ಆದರೆ ಮನುಷ್ಯ ಮೂರಕ್ಕೆ ಒತ್ತುವ ಜಾತಿ, ಡ್ರಮ್ಮಿನವನು ಚಪ್ಪಾಳೆಗೆ ಉಬ್ಬುವ ಜಾತಿ. ಹಾಗಂತ ಬಾಯಿಬಿಟ್ಟು ಹೇಳಲಾಗುತ್ತದಾ. ಏಳನೇ ಟಾಪಿನ ಕಂಕುಳ ಹೊಲಿಗೆ ಯಾವಾಗ ಬೇಕಾದರೂ ಬಿಚ್ಚಿಕೊಳ್ಳಬಹುದು, ಹಾಗಾಗಿ ನಾನೂ ಸೂಜಿದಾರ ಹಿಡಿದು ಪರದೆಯ ಪಕ್ಕದಲ್ಲೇ ಇರಬೇಕು ಅಂದೆ.

ನನ್ನ ಹೊಲಿಗೆ ಬಿಚ್ಚುವುದಿಲ್ಲ ಅಂತ ಅವರಿಗೂ ಗೊತ್ತು. ಪಾಸ್ ಕಳಿಸುತ್ತೇನೆ ಅಂದರು.